ಐದು ಬಾಗಿಲುಗಳ ಮೌಲ್ಯಮಾಪನ

ನಮ್ಮ ಮನೆಯವರು ವಿಮರ್ಶಕರಾದದ್ದು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಿದ್ದಾಗ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಅವರು ಡ್ರೈವಿಂಗ್ ಶಾಲೆಯಲ್ಲಿ ಬೋಧಕರಾಗಿದ್ದರು. ಈಗಲೂ ಆಗಿದ್ದಾರೆ, ಆದರೆ ಯಾರಾದರೂ ಕೇಳಿದರೆ ಅದನ್ನು ಎರಡನೆಯದಾಗಿ ಹೇಳುತ್ತಾರೆ.

ಅಕ್ಟೋಬರ್ ಮೊದಲ ವಾರ. ಸಂಜೆ ಊಟಕ್ಕೆ ಕೂತಿದ್ದೆವು. ಮಗಳು ಇಬುಕಿಗೆ ಹದಿನೈದು. ಆ ವರ್ಷವೆಲ್ಲ ಅವಳು ಅಪ್ಪನ ಜೊತೆ ಆಡಿದ ಮಾತು ಮೂರೇ: ‘ಹೂಂ’, ‘ಗೊತ್ತಿಲ್ಲ’, ‘ಬಾಗಿಲು ಹಾಕಿ’. ಅವತ್ತು ಅವಳು ನನಗೆ ಹೇಳಿದಳು:

“ಅಮ್ಮ, ಈ ಸೀಸನ್ನಿಗೆ ‘ಐದು ಬಾಗಿಲ ಮನೆ’ ಅಂತ ಹೊಸ ಅನಿಮೆ ಶುರುವಾಗಿದೆ. ತುಂಬಾ ಚೆನ್ನಾಗಿದೆ.”

ಜನ್ಮದಲ್ಲಿ ಒಂದು ಅನಿಮೆಯನ್ನೂ, ಅಂದರೆ ಟಿವಿಯ ಕಾರ್ಟೂನು ಧಾರಾವಾಹಿಯನ್ನೂ, ನೋಡಿರದ ನಮ್ಮ ಮನೆಯವರು ಮೀನಿನಿಂದ ತಲೆ ಎತ್ತದೆ ಹೇಳಿದರು: “ಅದಾ? ನಿರ್ದೇಶನ ಸ್ವಲ್ಪ ಸಡಿಲ.”

ಇಬುಕಿಯ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು.

“ಅಪ್ಪ ನೋಡಿದ್ರಾ?”

“ನೋಡದೆ ಹೇಳ್ತೀನಾ?”

“ಎಲ್ಲಿ ಸಡಿಲ?”

“ಒಟ್ಟಾರೆ.”

ಈ ‘ಒಟ್ಟಾರೆ’ ಎಂಬ ಪದವನ್ನು ಅವರು ಎಲ್ಲಿಂದ ತಂದರೋ ತಿಳಿಯದು. ಆದರೆ ಒಮ್ಮೆ ಆಡಿದ ಮೇಲೆ ಅದಕ್ಕೆ ತಕ್ಕಂತೆ ಬದುಕಬೇಕಾಯಿತು. ಆ ಅನಿಮೆ ಬರುವುದು ಶುಕ್ರವಾರ, ಸಭ್ಯರೆಲ್ಲ ಮಲಗಿದ ಮೇಲೆ. ಇಬುಕಿ ಅದನ್ನು ರೆಕಾರ್ಡ್ ಮಾಡಿಡುತ್ತಾಳೆ. ಶನಿವಾರ ಬೆಳಿಗ್ಗೆ ಅಪ್ಪ ಮಗಳು ಮಿಸೊ ಸಾರಿನ ಬಟ್ಟಲು ಹಿಡಿದು ಟಿವಿ ಮುಂದೆ ಕೂರುವುದು ಶುರುವಾಯಿತು. ನಾನು ಆ ಹೊತ್ತಿಗೆ ಬಟ್ಟೆ ಒಣಹಾಕುತ್ತಿರುತ್ತೇನೆ. ನನಗೆ ಕೇಳುತ್ತಿದ್ದುದು ಇಬುಕಿಯ ನಗು ಮಾತ್ರ. ಹೊಟ್ಟೆ ಹಿಡಿದುಕೊಂಡು, ಹೊರಳಾಡಿ ನಗುತ್ತಿದ್ದಳು.

“ನಗೋದೇನಿದೆ ಇದರಲ್ಲಿ? ಇದು ಕಳ್ಳತನದ ಕಥೆ,” ಎಂದು ಅವರು ಗದರುತ್ತಿದ್ದರು.

“ನೀವು ನೋಡ್ತಾ ಇರಿ ಅಪ್ಪ, ನೋಡ್ತಾ ಇರಿ.”

ಕಥೆ ಇಷ್ಟೇ. ಐದು ಸಂಸಾರಗಳಿರುವ ಒಂದು ಕಟ್ಟಡ. ಬಾಗಿಲ ಮೇಲಿನ ಹೆಸರಿನ ಫಲಕಗಳು ಒಂದೊಂದಾಗಿ ಕಳುವಾಗುತ್ತವೆ, ಬಿಟ್ಟ ಜಾಗಕ್ಕೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಹನ್ನೆರಡು ವಾರದೊಳಗೆ ಕಳ್ಳ ಸಿಗಬೇಕು. ಅಲ್ಲಿರುವವರಿಗೆಲ್ಲ ನೇರಳೆ, ಹಸಿರು, ಕಿತ್ತಳೆ ಕೂದಲು. ಸಾಸರಿನಷ್ಟು ದೊಡ್ಡ ಕಣ್ಣು.

“ಮೂರು ವಾರ ನೋಡಿ ಹಿಡಿಸದಿದ್ದರೆ ಬಿಟ್ಟುಬಿಡೋದು ಅಪ್ಪ. ಅದು ನಿಯಮ,” ಎಂದು ಇಬುಕಿ ಹೇಳಿಕೊಟ್ಟಳು. ನಿಯಮ ಎಂದರೆ ನಮ್ಮ ಮನೆಯವರಿಗೆ ಪ್ರಾಣ. ಆದರೆ ಮೂರನೇ ವಾರ ಮುಗಿದಾಗ ಅವರು ಗಂಟಲು ಸರಿಮಾಡಿಕೊಂಡು, “ಕಳ್ಳ ಸಿಗೋಕೆ ಮುಂಚೆ ಬಿಟ್ಟುಹೋಗೋದು ಬೇಜವಾಬ್ದಾರಿ,” ಎಂದರು.

ವಿಮರ್ಶೆಯನ್ನು ಅವರು ಬರೆದಿಡುತ್ತಿದ್ದರು. ಇಪ್ಪತ್ತೆಂಟು ವರ್ಷ ಕಲಿಯುವವರ ತಪ್ಪು ಬರೆದ ಕೈ ಬೇರೆ ಯಾವ ರೀತಿ ಬರೆದೀತು? ಡ್ರೈವಿಂಗ್ ಶಾಲೆಯಲ್ಲಿ ಉಳಿದಿದ್ದ ಹಳೆಯ ಮೌಲ್ಯಮಾಪನದ ಹಾಳೆಗಳನ್ನು ತಂದರು. ‘ಅಭ್ಯರ್ಥಿ’, ‘ಗಮನಿಸಿದ ತಪ್ಪು’, ‘ಕಳೆದ ಅಂಕ’, ‘ಷರಾ’ ಎಂದು ಕಾಲಂಗಳು. ಕೆಳಗೆ ಮೇಲಧಿಕಾರಿಗಳು ಮೊಹರು ಒತ್ತಲು ಸಾಲಾಗಿ ಐದು ಚೌಕ. ಕಥೆಯ ಜನರ ಹೆಸರು ಅವರಿಗೆ ಎಷ್ಟು ಹೇಳಿದರೂ ನೆನಪಿರುವುದಿಲ್ಲ. ಹಾಗಾಗಿ ಅಭ್ಯರ್ಥಿಯ ಕಾಲಂನಲ್ಲಿ ಬಾಗಿಲ ನಂಬರು ಬರೆದುಕೊಳ್ಳುತ್ತಿದ್ದರು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಶನಿವಾರ ಮಧ್ಯಾಹ್ನದವರೆಗೂ ಮಗಳು ಅಪ್ಪನ ಹತ್ತಿರ ಜಗಳ ಆಡುತ್ತಿದ್ದಳು: ‘ಅಲ್ಲಿ ಯಾಕೆ ಐದು ಅಂಕ ಕಳೆದ್ರಿ?’ ಜಗಳ ಕೇಳುತ್ತಾ ಮೂಲಂಗಿ ಹೆಚ್ಚುವುದು ನನಗೆ ಹಬ್ಬದಂತಿತ್ತು.

ತೊಂದರೆ ಬಂದದ್ದು ಸುತ್ತೋಲೆಯ ರಟ್ಟಿನಿಂದ.

ನಮ್ಮ ಕಟ್ಟಡದಲ್ಲೂ ಐದೇ ಮನೆ. ಕೆಳಗೆ ಒಂದನೆಯದು ಮನೆ ಯಜಮಾನಿ ತೊಕಿವಾ ಅಜ್ಜಿಯದು, ಎರಡನೆಯದು ಅಂಚೆ ಕಚೇರಿಯಿಂದ ನಿವೃತ್ತರಾದ ಮಿನೆಗಿಶಿಯವರದು. ಮೇಲೆ ಮೂರರಲ್ಲಿ ಉಸುಯಿಯಮ್ಮ, ನಾಲ್ಕು ನಾವು, ಐದರಲ್ಲಿ ಇಸೊಬೆ ಎಂಬ ಹುಡುಗಿ. ಅವಳು ಏನೋ ಚಿತ್ರದ ಕೆಲಸಕ್ಕೆ ಹೋಗುತ್ತಾಳೆಂದು ಕೇಳಿದ್ದೆವು. ಬೆಳಗಿನ ಜಾವ ದೊಡ್ಡ ಚೀಲ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಈ ವರ್ಷ ಕಟ್ಟಡದ ಮುಖ್ಯಸ್ಥರಾಗುವ ಸರದಿ ನಮ್ಮದು. ಮುಖ್ಯಸ್ಥರ ಕೆಲಸ ಒಂದೇ. ಬಡಾವಣೆಯ ಸಂಘದ ಸೂಚನೆಗಳನ್ನು ಕ್ಲಿಪ್ಪಿನ ರಟ್ಟಿಗೆ ಸಿಕ್ಕಿಸಿ ಪಕ್ಕದ ಮನೆಗೆ ಕೊಡಬೇಕು. ಅವರು ನೋಡಿ, ಸಹಿಯ ಬದಲು ತಮ್ಮ ಹೆಸರಿನ ಮೊಹರು ಒತ್ತಿ, ಮುಂದಿನ ಮನೆಗೆ ದಾಟಿಸಬೇಕು. ನೋಡಿ ಎಂದೆ, ನೋಡುವವರು ಯಾರೂ ಇಲ್ಲ. ರಟ್ಟು ಕಂಡರೆ ಕೈ ತಾನಾಗಿ ಮೊಹರಿಗೆ ಹೋಗುತ್ತದೆ. ಒಮ್ಮೆ ನಾನು ಮರೆತು ತರಕಾರಿಯ ಚೀಟಿ ಸಿಕ್ಕಿಸಿ ಕಳಿಸಿದ್ದೆ. ಎರಡು ಈರುಳ್ಳಿ, ಒಂದು ಎಲೆಕೋಸಿಗೆ ಎಲ್ಲ ಮನೆಯ ಮೊಹರೂ ಬಿದ್ದು ವಾಪಸ್ಸು ಬಂದಿತ್ತು.

ನವೆಂಬರಿನ ಆ ಶನಿವಾರ, ಆರನೇ ವಾರದ ವಿಮರ್ಶೆ ಬರೆಯುವಾಗ, ತೊಡೆಯ ಮೇಲೆ ಗಟ್ಟಿಯಾಗಿರಲಿ ಎಂದು ನಮ್ಮ ಮನೆಯವರು ಆ ರಟ್ಟನ್ನೇ ಇಟ್ಟುಕೊಂಡರು. ಕಾರಿನಲ್ಲಿ ಕೂತು ಬರೆದ ಅಭ್ಯಾಸ. ಮರುದಿನ ಚರಂಡಿ ಶುಚಿ ಮಾಡುವ ಸೂಚನೆ ಬಂತು. ಅದನ್ನು ಮೇಲೆ ಸಿಕ್ಕಿಸಿದರು. ಕೆಳಗಿದ್ದದ್ದು ಕೆಳಗೇ ಉಳಿಯಿತು. ರಟ್ಟು ಇಸೊಬೆಯ ಬಾಗಿಲಿಂದ ಹೊರಟು, ಉಸುಯಿಯಮ್ಮನನ್ನೂ ಮಿನೆಗಿಶಿಯವರನ್ನೂ ದಾಟಿ, ಎರಡೂ ಹಾಳೆಗೆ ಒಪ್ಪವಾಗಿ ಮೊಹರು ಒತ್ತಿಸಿಕೊಂಡು, ನಮ್ಮ ಕಟ್ಟಡದಲ್ಲಿ ಕಾಗದ ಓದುವ ಒಬ್ಬರೇ ಒಬ್ಬರ ಕೈ ಸೇರಿತು.

ಮಂಗಳವಾರ ಸಂಜೆ ತೊಕಿವಾ ಅಜ್ಜಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತೆಂಟು ವರ್ಷ, ಬೆನ್ನು ಮಾತ್ರ ಅಳತೆಪಟ್ಟಿ.

“ಹೊರಿಗೊಮೆಯವರೇ, ಇದು ಯಾರ ಕೈಬರಹ?”

“ನಂದೇ,” ಎಂದರು ನಮ್ಮ ಮನೆಯವರು, ಒಂದು ಕ್ಷಣದ ಹೆಮ್ಮೆಯಿಂದ.

ಅಜ್ಜಿ ಕನ್ನಡಕ ಏರಿಸಿ ಓದಿದರು. “ಒಂದನೇ ಬಾಗಿಲು, ಮುದುಕಿ. ದಿನಾ ಬೆಳಿಗ್ಗೆ ಇಕ್ಕಳ ಹಿಡಿದು ಕಾಗೆ ಕೆದಕದಂತೆ ಕಸಕ್ಕೆ ಹೊದಿಸಿದ ಬಲೆ ಎತ್ತಿ ಇಣುಕುತ್ತಾಳೆ. ಏನನ್ನೋ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಬಹಳ ಅನುಮಾನಾಸ್ಪದ. ಕಳೆದ ಅಂಕ ಹತ್ತು.”

ನಾನು ಅಡುಗೆಮನೆಯಲ್ಲಿ ಕೈ ಒರೆಸುವುದನ್ನು ನಿಲ್ಲಿಸಿದೆ.

ಆಗಲೇ ‘ಅದು ಅನಿಮೆಯ ವಿಮರ್ಶೆ’ ಎಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ಇಸ್ತ್ರಿ ಮುಗಿಸಬಹುದಿತ್ತು. ಆದರೆ ಐವತ್ತೆರಡು ವರ್ಷದ ಗಂಡಸು, ಕಟ್ಟಡದ ಮುಖ್ಯಸ್ಥ, ಕಲಿಯುವವರನ್ನು ಸಾವಿರಗಟ್ಟಲೆ ನಡುಗಿಸಿದ ಬೋಧಕ. ಅವರ ಬಾಯಿಂದ ಬಂದದ್ದು ಇದು:

“ಅದು... ಶಾಲೆಯ ಅಭ್ಯಾಸ, ಯಜಮಾನಿಯವರೇ. ಬೋಧಕರ ಕಣ್ಣು ಮಂಕಾಗಬಾರದು ಅಂತ, ಸುತ್ತಮುತ್ತಲ ಜನರನ್ನ ಗಮನಿಸಿ ಬರೀಬೇಕು.”

“ಓಹೋ. ಗಮನಿಸಿ.”

“ಕಾಲ್ಪನಿಕವಾಗಿ!”

“ಕಾಲ್ಪನಿಕವಾಗಿ ನಾನು ಬಲೆ ಎತ್ತುತ್ತೀನಿ.”

“ಹೌದು, ಹೌದು.”

“ಇವತ್ತು ಬೆಳಿಗ್ಗೆ ನಿಜವಾಗಿ ಎತ್ತಿದೆ.” ಅಜ್ಜಿ ಹಾಳೆಯನ್ನು ನಾಲ್ಕಾಗಿ ಮಡಿಸಿದರು. “ನಿಮ್ಮ ಬಾಡಿಗೆ ಒಪ್ಪಂದದ ಹೊಸ ಕಾಗದ ನಮ್ಮ ಯಜಮಾನರ ಫೋಟೋ ಮುಂದೆ ಇಟ್ಟಿದ್ದೀನಿ. ಈ ತಿಂಗಳ ಕೊನೆಗೆ ಹಳೆಯದು ಮುಗಿಯುತ್ತೆ ಅಲ್ವಾ? ಭಾನುವಾರ ಎಲ್ಲರೂ ಸೇರೋಣ. ನಿಮ್ಮ ಮನೇಲೇ. ಅಲ್ಲೀತನಕ ನನ್ನ ಮೊಹರು ಡಬ್ಬೀಲಿ ಇರುತ್ತೆ.”

ಎರಡು ವರ್ಷಕ್ಕೊಮ್ಮೆ ಅಜ್ಜಿ ಒತ್ತುವ ಆ ಒಂದು ಕೆಂಪು ಗುರುತಿನ ಮೇಲೆ ನಾವು ಹನ್ನೆರಡು ವರ್ಷದಿಂದ ಇಲ್ಲಿದ್ದೇವೆ. ಫೆಬ್ರವರಿಯಲ್ಲಿ ಇಬುಕಿಗೆ ಹೈಸ್ಕೂಲಿನ ಪ್ರವೇಶ ಪರೀಕ್ಷೆ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಮನೆ ಹುಡುಕುವ ಕಾಲವಲ್ಲ ಅದು. ಕಾನೂನು ನಮ್ಮ ಪರ ಇರಬಹುದು, ಆದರೆ ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗೆ ಎದುರಾಗುವವರ ಜೊತೆ ಕಾನೂನು ಮಾತಾಡಿಕೊಂಡು ಬದುಕಲಾದೀತೇ?

ಮಗು ಹುಟ್ಟಿದಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಅಪ್ಪ, ಅಮ್ಮ ಎಂದೇ. ಬಾಗಿಲು ಹಾಕಿ ಕೇಳಿದೆ: “ಅಪ್ಪಾ, ಯಾಕೆ ಸುಳ್ಳು ಹೇಳಿದ್ರಿ?”

“ಶನಿವಾರ ಬೆಳಿಗ್ಗೆ ಕೂತ್ಕೊಂಡು ಕಾರ್ಟೂನು ನೋಡ್ತೀನಿ ಅಂತ ಹೇಳ್ಲಾ ಅಮ್ಮಾ?”

“ಅದಕ್ಕಿಂತ ಬೇಹುಗಾರ ಅನ್ನಿಸಿಕೊಳ್ಳೋದು ವಾಸಿನಾ?”

ಅವರು ಬೆನ್ನು ನೇರ ಮಾಡಿಕೊಂಡರು. “ಬೇಹುಗಾರಿಕೆಗೆ ಒಂದು ಗಾಂಭೀರ್ಯ ಇದೆ.”

“ಟಿವಿ ಹಾಕಿ ತೋರಿಸಿಬಿಡೋಣ ಅಪ್ಪ,” ಎಂದಳು ಇಬುಕಿ. ಆಮೇಲೆ ಏನೋ ನೆನಪಾದಂತೆ ಐದನೇ ಮನೆಯ ಕಡೆಯ ಗೋಡೆ ನೋಡಿ, “ಆದರೆ ತೋರಿಸಿದ್ರೆ ಇನ್ನೊಬ್ಬರಿಗೆ ಕಷ್ಟ ಆಗ್ಬಹುದು,” ಎಂದು ತುಟಿ ಕಚ್ಚಿಕೊಂಡಳು. ಯಾರಿಗೆ ಎಂದು ಕೇಳಿದರೆ ಗಣಿತದ ಪುಸ್ತಕ ತೆರೆದಳು.

ಬುಧವಾರ ಬೆಳಗಾಗುವಷ್ಟರಲ್ಲಿ ಅಜ್ಜಿ ಮೂಲೆಯ ಅಂಗಡಿಯಲ್ಲಿ ಹಾಳೆಯ ನಕಲು ತೆಗೆಸಿ ಎಲ್ಲ ಮನೆಗೂ ಹಂಚಿದ್ದರು. ತಾವೇ ಮೊಹರು ಒತ್ತಿದ ಕಾಗದವನ್ನು ಎಲ್ಲರೂ ಮೊದಲ ಸಲ ಓದಿದರು.

ಕಸ ಇಡುವ ಜಾಗದಲ್ಲಿ ಮಿನೆಗಿಶಿಯವರು ನನ್ನನ್ನು ತಡೆದರು. ಅವರ ಕೈಯಲ್ಲಿ ಮಳೆ ಇರಲಿ ಬಿಡಲಿ ಒಂದು ಕೊಡೆ ಇರುತ್ತದೆ. ಬಸ್ಸಿಗೆ ಕಾಯುವಾಗ, ಯಾರ ಜೊತೆಯಾದರೂ ಮಾತಾಡುವಾಗ, ಅದನ್ನು ಗಾಲ್ಫ್ ಕೋಲಿನಂತೆ ಹಿಡಿದು ಬೀಸುವುದು ಅವರ ಅಭ್ಯಾಸ. ಅವತ್ತು ಕೊಡೆಯನ್ನು ಎದೆಗೆ ಅಪ್ಪಿಕೊಂಡಿದ್ದರು.

“ತಂಗೀ, ನಿಮ್ಮ ಯಜಮಾನರು ಬರೆದದ್ದು ನೀವು ಓದಿದಿರಾ? ‘ಎರಡನೇ ಬಾಗಿಲು, ಕೊಡೆ ಬೀಸುವವನು. ಹಿಂದೆ ಯಾರಿದ್ದಾರೆಂದು ನೋಡುವುದಿಲ್ಲ. ಹತ್ತು ಅಂಕ.’ ಅದು ಹೋಗಲಿ, ಬಿಡಿ. ಷರಾ ಓದಿ, ಷರಾ!” ಅವರೇ ಓದಿದರು. “‘ಇವನಿಂದ ಏನೂ ಉಪಯೋಗವಿಲ್ಲ. ಮುಂದಿನ ವಾರ ಸದ್ದಿಲ್ಲದೆ ತೆಗೆದುಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ.’ ಮುಂದಿನ ವಾರ ಅಂದ್ರೆ ಯಾವ ದಿನ ತಂಗೀ?”

ಮೇಲಿನಿಂದ ಧಡ್ ಧಡ್ ಎಂಬ ಸದ್ದು ನಿಂತಿತು. ಉಸುಯಿಯಮ್ಮ ಬಾಲ್ಕನಿಯಲ್ಲಿ ಹಾಸಿಗೆ ಬಿಸಿಲಿಗೆ ಹಾಕಿ ಬಡಿಯುತ್ತಿದ್ದವರು ಬಗ್ಗಿ ಕೂಗಿದರು:

“ನನ್ನದೂ ಕೇಳಿ! ‘ಕೈ ಹಾಸಿಗೆಯ ಮೇಲೆ, ಕಣ್ಣು ಎದುರುಮನೆಯ ಮೇಲೆ.’ ಐದು ಅಂಕ ಅಂತೆ! ಇಪ್ಪತ್ತು ವರ್ಷದಿಂದ ಬಡೀತಿದ್ದೀನಿ, ಒಂದು ದಿನ ಎದುರುಮನೆ ನೋಡಿದ್ದೀನಾ? ಅವರ ಮನೆ ಹೊಸ ಪರದೆ ನನಗೆ ಗೊತ್ತೇ ಇಲ್ಲ, ಆ ಹಸಿರು ಬಣ್ಣದ್ದು!”

“ಆದರೆ ನಾಲ್ಕನೇ ಬಾಗಿಲಿನ ಬಗ್ಗೆಯೂ ಬರೆದಿದ್ದಾರಲ್ಲ,” ಎಂದೆ ನಾನು ಮೆಲ್ಲಗೆ. ಅದೊಂದು ಆಸೆ ಇತ್ತು. ಹಾಳೆಯಲ್ಲಿ ಹೀಗಿತ್ತು: ‘ನಾಲ್ಕನೇ ಬಾಗಿಲು. ಮನೆಯಿಂದ ಹೊರಡುವಾಗ ಬೆರಳು ಚಾಚಿ, ಗ್ಯಾಸ್ ಸರಿ, ಬೀಗ ಸರಿ, ಎಡ ಸರಿ, ಬಲ ಸರಿ ಎಂದು ಕೂಗುವವನು. ಇಂಥ ಪೆದ್ದ ಲೋಕದಲ್ಲಿ ಇರಲು ಸಾಧ್ಯವಿಲ್ಲ. ಬರೆದವರ ಉತ್ಪ್ರೇಕ್ಷೆ. ಇಪ್ಪತ್ತು ಅಂಕ.’

“ಅದೇ ಅವರ ಚಾಲಾಕಿತನ!” ಎಂದರು ಮಿನೆಗಿಶಿ, ಕೊಡೆಯಿಂದ ನೆಲ ಕುಟ್ಟಿ. “ಅನುಮಾನ ಬರಬಾರದು ಅಂತ ತಮ್ಮನ್ನೂ ಸೇರಿಸಿಕೊಂಡಿದ್ದಾರೆ. ತಮಗೇ ಜಾಸ್ತಿ ಕಳೆದಿದ್ದಾರೆ ನೋಡಿ. ನಲವತ್ತು ವರ್ಷ ಅಂಚೆಯಲ್ಲಿದ್ದವನು ನಾನು, ಅನಾಮಧೇಯ ಪತ್ರಗಳ ರೀತಿ ನನಗೆ ಗೊತ್ತು.”

ಆಗಲೇ ಮೇಲಿನ ಪಡಸಾಲೆಯಿಂದ ಸ್ಪಷ್ಟವಾದ ಗಂಡು ಧ್ವನಿ ಕೇಳಿತು: “ಗ್ಯಾಸ್ ಸರಿ! ಬೀಗ ಸರಿ! ಎಡ ಸರಿ! ಬಲ ಸರಿ!” ನಮ್ಮ ಮನೆಯವರು ಕೆಲಸಕ್ಕೆ ಹೊರಟಿದ್ದರು. ಆ ಪಡಸಾಲೆಯಲ್ಲಿ ಇವತ್ತಿನವರೆಗೆ ಒಂದು ಮೂರುಗಾಲಿ ಸೈಕಲ್ಲೂ ಓಡಿಲ್ಲ.

ಐದನೇ ಬಾಗಿಲಿನ ಬಗ್ಗೆ ಹಾಳೆಯಲ್ಲಿ ಒಂದೇ ಸಾಲು: ‘ಆರು ವಾರವಾದರೂ ತೆರೆದಿಲ್ಲ. ಎಲ್ಲ ಅಲ್ಲೇ ಇದೆ.’ ಇದನ್ನು ಓದಿದ ಮೇಲೆ ಉಸುಯಿಯಮ್ಮ ಇಸೊಬೆಯ ಬಾಗಿಲ ಮುಂದೆ ಹಾದುಹೋಗುವಾಗ ಮೂಗಿನಿಂದ ಉಸಿರೆಳೆದು ನೋಡತೊಡಗಿದರು. ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಇದೆ ಎಂಬುದು ಮಾತ್ರ ಖಚಿತವಾಗಿತ್ತು.

ಶುಕ್ರವಾರದ ಹೊತ್ತಿಗೆ ಕಟ್ಟಡದಲ್ಲಿ ಯಾರೂ ಯಾರ ಕಡೆಗೂ ಬೆನ್ನು ಹಾಕುತ್ತಿರಲಿಲ್ಲ. ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಏಡಿಗಳಂತೆ ಪಕ್ಕಕ್ಕೆ ಸರಿದು ದಾಟುತ್ತಿದ್ದರು. ಮಿನೆಗಿಶಿಯವರು ತಮ್ಮನ್ನು ತೆಗೆದುಹಾಕುವ ವಿಷಯವನ್ನು ಪೊಲೀಸ್ ಚೌಕಿಗೆ ತಿಳಿಸಿಯೂ ಬಿಟ್ಟರು. ಸಂಜೆ ಒಬ್ಬ ಕಾನ್‌ಸ್ಟೇಬಲ್ ಸೈಕಲ್ಲಿನಲ್ಲಿ ಬಂದ. ನುಮಾಜಿರಿ ಎಂದು ಹೆಸರು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಅಜ್ಜಿ, ಮಿನೆಗಿಶಿ, ಉಸುಯಿಯಮ್ಮ ಮೂವರೂ ಅವನ ಬೆನ್ನಿಗೆ ನಮ್ಮ ಬಾಗಿಲಲ್ಲಿ ನಿಂತರು.

ಅವನು ಹಾಳೆಯನ್ನು ಗಂಭೀರವಾಗಿ ಓದತೊಡಗಿದ. ಎರಡನೇ ಸಾಲಿಗೆ ಅವನ ಹುಬ್ಬು ಕುಣಿಯಿತು. ನಾಲ್ಕನೆಯದಕ್ಕೆ ಕಿವಿ ಕೆಂಪಾಯಿತು. ಐದನೆಯದಕ್ಕೆ ಬರುವಷ್ಟರಲ್ಲಿ ತುಟಿಯನ್ನು ಒಳಕ್ಕೆ ಕಚ್ಚಿ ಹಿಡಿದಿದ್ದ.

“ಏನನ್ನಿಸುತ್ತೆ?” ಎಂದರು ಅಜ್ಜಿ.

“ಪರಿಶೀಲನೆಯಲ್ಲಿದೆ, ಅಮ್ಮ.”

“ಅಪಾಯ ಇದೆಯಾ?” ಎಂದರು ಮಿನೆಗಿಶಿ.

“ಮುಂದಿನ ವಾರ ಗೊತ್ತಾಗುತ್ತೆ.”

ಮಿನೆಗಿಶಿಯವರು ಗೋಡೆ ಹಿಡಿದುಕೊಂಡರು. ಮೂವರನ್ನೂ ಕೆಳಗೆ ಕಳಿಸಿ, ಕಾನ್‌ಸ್ಟೇಬಲ್ ನಮ್ಮ ಮನೆಯವರ ಹತ್ತಿರ ಸರಿದು ಪಿಸುಗುಟ್ಟಿದ: “ಸಾರ್, ‘ಐದು ಬಾಗಿಲ ಮನೆ’ ಅಲ್ವಾ? ಮುದುಕಿ ಮೇಲೆ ನಿಮ್ಮ ಅನುಮಾನ ತಪ್ಪು. ಕದಿಯೋದು ಕೊಡೆಯವನು.”

ನಮ್ಮ ಮನೆಯವರ ಮುಖದಲ್ಲಿ ಸೂರ್ಯ ಹುಟ್ಟಿದ. “ಗೊತ್ತಾ ನಿಮಗೆ! ಹಾಗಾದ್ರೆ ಅವರಿಗೆ ಹೇಳಿ, ಇದು ಅನಿಮೆ ಅಂತ!”

“ಅಯ್ಯೋ, ಸಮವಸ್ತ್ರದಲ್ಲಿ ಹೇಗೆ ಸಾರ್ ಹೇಳೋದು?”

“ನಾನು ಮುಖ್ಯಸ್ಥ ಆಗಿ ಹೇಗಪ್ಪ ಹೇಳೋದು?”

ಇಬ್ಬರೂ ಒಬ್ಬರ ಕಷ್ಟ ಒಬ್ಬರು ಅರ್ಥ ಮಾಡಿಕೊಂಡು, ಪರಸ್ಪರ ಸೊಂಟ ಬಗ್ಗಿಸಿ ವಂದಿಸಿ, ಏನೂ ಮಾಡದೆ ಬೇರೆಯಾದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ನಮ್ಮ ಮನೆಗೆ ಬಂದರು. ನಾನು ಹಿಂದಿನ ದಿನವೇ ಕಾಕಿ ಹಣ್ಣು ಸುಲಿದಿಟ್ಟಿದ್ದೆ, ಬಾಯಿಗೆ ಕೆಲಸ ಇದ್ದರೆ ಮಾತು ಸ್ವಲ್ಪ ಮೆತ್ತಗಾದೀತು ಎಂದು. ಯಾರೂ ಮುಟ್ಟಲಿಲ್ಲ. ಅಜ್ಜಿಯ ಮಡಿಲಲ್ಲಿ ಎರಡು ಲಕೋಟೆಗಳಿದ್ದವು. ಒಂದು ನಮ್ಮ ಒಪ್ಪಂದ. ಇನ್ನೊಂದು ಇಸೊಬೆಯದು; ಅವಳದೂ ಅದೇ ತಿಂಗಳು ಮುಗಿಯುತ್ತದೆ ಎಂದು ಅವತ್ತೇ ನಮಗೆ ತಿಳಿದದ್ದು. ಇಸೊಬೆ ಬಾಗಿಲ ಹತ್ತಿರ ಮೊಣಕಾಲೂರಿ ಕೂತಿದ್ದಳು, ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪು. ಕಾನ್‌ಸ್ಟೇಬಲ್ ಗೋಡೆಗೊರಗಿ ನಿಂತಿದ್ದ.

“ಹೇಳಿ ಮುಖ್ಯಸ್ಥರೇ. ಯಾಕೆ ನಮ್ಮನ್ನ ಕಾಯ್ತಿದ್ದೀರಿ?” ಎಂದರು ಅಜ್ಜಿ.

ನಮ್ಮ ಮನೆಯವರು ಒಮ್ಮೆ ಲಕೋಟೆ ನೋಡಿದರು, ಒಮ್ಮೆ ಇಬುಕಿಯ ಓದುವ ಮೇಜು ನೋಡಿದರು. ಆಮೇಲೆ ಅಂಗೈ ಎರಡನ್ನೂ ಚಾಪೆಗೆ ಒತ್ತಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದರು.

“ಶಾಲೆಯ ಅಭ್ಯಾಸ ಅಂದದ್ದು ಸುಳ್ಳು. ನಾನು... ನಾನು ಅನಿಮೆ ನೋಡ್ತೀನಿ. ಪ್ರತಿ ವಾರ. ಬಿಡದೆ. ಅದರ ವಿಮರ್ಶೆ ಅದು.”



“ಇನ್ನೂ ಒಳ್ಳೆ ಸುಳ್ಳು ಸಿಗ್ಲಿಲ್ವಾ?” ಎಂದರು ಉಸುಯಿಯಮ್ಮ.

“ನಿಮ್ಮ ವಯಸ್ಸಿನವರು ಅದನ್ನ ನೋಡ್ತಾರೆ ಅಂತ ನಾವು ನಂಬಬೇಕು?” ಎಂದರು ಮಿನೆಗಿಶಿ. “ಬೇಹುಗಾರ ಅಂತ ಒಪ್ಪಿಕೊಂಡಿದ್ದರೂ ಗೌರವ ಉಳೀತಿತ್ತು.”

ನಮ್ಮ ಮನೆಯವರು ನನ್ನತ್ತ ತಿರುಗಿ ನೋಡಿದ ನೋಟದಲ್ಲಿ ‘ನಾನು ಹೇಳಲಿಲ್ಲವೇ’ ಎಂದಿತ್ತು.

ಇಬುಕಿ ಎದ್ದಳು. ನೇರವಾಗಿ ಇಸೊಬೆಯ ಮುಖ ನೋಡಿದಳು. ಇಸೊಬೆ ಕಣ್ಣು ಮುಚ್ಚಿ, ಆಗಲಿ ಎಂಬಂತೆ ತಲೆಯಾಡಿಸಿದಳು. ಇಬುಕಿ ಟಿವಿ ಹಾಕಿ ಆರನೇ ವಾರದ ಕಂತು ತೆರೆದಳು.

ಆವತ್ತು ನಾನೂ ಮೊದಲ ಸಲ ನೋಡಿದೆ. ನೇರಳೆ ಕೂದಲ ಮುದುಕಿ, ಬೆನ್ನು ಅಳತೆಪಟ್ಟಿಯಂತೆ. ಹಸಿರು ಮೀಸೆಯ ಮನುಷ್ಯ ಬಸ್ ನಿಲ್ದಾಣದಲ್ಲಿ ಕೊಡೆ ಬೀಸಿ, ಬೀಸಿದ್ದು ಎಲ್ಲಿ ಹೋಯಿತೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾನೆ. ಕಿತ್ತಳೆ ಗುಂಗುರಿನವಳು ಹಾಸಿಗೆ ಬಡಿಯುತ್ತಾಳೆ. ಕತ್ತು ಮಾತ್ರ ಜಿರಾಫೆಯಂತೆ ರಸ್ತೆ ದಾಟುತ್ತದೆ. ನಾಲ್ಕನೇ ಬಾಗಿಲು ತೆರೆಯಿತು. ನೀಲಿ ಕೂದಲಿನವನೊಬ್ಬ ಹೊರಬಂದು, ಬೆರಳು ಚಾಚಿ, ಗ್ಯಾಸ್ ಸರಿ ಎಂದ.

ಎಲ್ಲರೂ ನಿಧಾನವಾಗಿ ನಮ್ಮ ಮನೆಯವರ ಕಡೆ ತಿರುಗಿದರು. ಅವರು ಟಿವಿಯನ್ನೇ ನೋಡುತ್ತಿದ್ದರು. “ನೋಡಿದ್ರಾ? ಎಂಥ ಪೆದ್ದ! ಇಂಥವನು ಎಲ್ಲಾದ್ರೂ...” ಎಂದು ಬೆರಳು ಚಾಚಿದರು. ಚಾಚಿದ ಬೆರಳನ್ನು ನೋಡಿದರು. ಟಿವಿಯ ಬೆರಳನ್ನು ನೋಡಿದರು. ಬೆರಳು ಮೆಲ್ಲಗೆ ಮಡಚಿಕೊಂಡಿತು.

“ಇಬುಕಿ, ನಿನಗೆ ಯಾವಾಗ ಗೊತ್ತಾಯ್ತು?”

“ಮೊದಲ ವಾರವೇ.” ಇಬುಕಿ ಕಾಲ್ಬೆರಳು ನೋಡುತ್ತಾ ಹೇಳಿದಳು. “ಹೇಳಿದ್ರೆ ನೀವು ನನ್ನ ಜೊತೆ ನೋಡೋದು ನಿಲ್ಲಿಸ್ತಿದ್ರಿ.”

ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಲೂ ಅವರಿಗೆ ಪುರಸೊತ್ತು ಸಿಗಲಿಲ್ಲ. ಮಿನೆಗಿಶಿಯವರು ಎದ್ದು ನಿಂತಿದ್ದರು. “ಹಾಗಾದರೆ ಇದು ಬೇಹುಗಾರಿಕೆಗಿಂತ ಕಡೆ! ನಮ್ಮನ್ನೆಲ್ಲ ಟಿವಿಯವರಿಗೆ ಮಾರಿದ್ದಾರೆ! ನನ್ನ ಮೀಸೆಗೆ ಹಸಿರು ಬಣ್ಣ ಹೊಡೆಸಿದ್ದಾರೆ!”

“ನನ್ನ ಕತ್ತು ಅಷ್ಟು ಉದ್ದ ಇದೆಯಾ?” ಎಂದರು ಉಸುಯಿಯಮ್ಮ, ಕತ್ತು ಚಾಚಿ.

“ನಾನು ಮಾರಿಲ್ಲ! ನನಗೆ ಯಾರೆಂದೇ ಗೊತ್ತಾಗಲಿಲ್ಲ!” ಎಂದರು ನಮ್ಮ ಮನೆಯವರು, ಅದು ತಮ್ಮ ಪರವಾದ ವಾದ ಎಂದು ಭಾವಿಸಿ.

ಅಜ್ಜಿ ನಮ್ಮ ಲಕೋಟೆಯನ್ನು ಎತ್ತಿ ಕಿಮೊನೊದ ಎದೆಯೊಳಗೆ ಸಿಕ್ಕಿಸಿಕೊಂಡು ಏಳಹೊರಟರು. ನನ್ನ ಕೈ ತಾನಾಗಿ ಇಬುಕಿಯ ತೋಳು ಹಿಡಿಯಿತು.

“ಅದು ನಾನು,” ಎಂದಿತು ಬಾಗಿಲ ಹತ್ತಿರದ ಸಣ್ಣ ಧ್ವನಿ. “ಬರೆದದ್ದು ನಾನು. ಹೊರಿಗೊಮೆಯವರಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ.”

ಇಸೊಬೆ ಮೊಣಕಾಲಲ್ಲೇ ಮುಂದೆ ಸರಿದಳು. “ಅನಿಮೆಗೆ ಚಿತ್ರ ಬರೆಯೋದು ನನ್ನ ಕೆಲಸ. ಐದು ಮನೆಯವರ ಕರಡು ಬರೆದು ತಾ ಅಂದ್ರು. ನನಗೆ ಗೊತ್ತಿರೋ ಐದು ಮನೆ ಲೋಕದಲ್ಲಿ ಇದೊಂದೇ. ಯಾವುದಕ್ಕೆ ಬರೆದೆ ಅಂತ ಹೊರಗೆ ಹೇಳಬಾರದು, ಹಾಗಂತ ಕಂಪನಿಗೆ ಬರೆದುಕೊಟ್ಟಿದ್ದೀನಿ. ಆದರೆ ನನ್ನಿಂದ ಇವರು ಮನೆ ಬಿಡಬಾರದು. ಬಿಡಬೇಕಾದರೆ ನಾನು ಬಿಡ್ತೀನಿ, ಅಮ್ಮ.”

“ಎಲ್ಲಿ ಕೂತು ನಮ್ಮನ್ನ ನೋಡ್ತಿದ್ದೆ?” ಎಂದರು ಅಜ್ಜಿ.

“ಬೆಳಗಿನ ಜಾವ ಐದಕ್ಕೆ. ಮೆಟ್ಟಿಲ ಹತ್ತಿರ. ನೀವು ಕಸದ ಬಲೆ ಎತ್ತೋವಾಗ.”

ಟಿವಿಯಲ್ಲಿ ಸರಿಯಾಗಿ ಆ ದೃಶ್ಯ ಬಂದಿತ್ತು. ಮಬ್ಬು ಬೆಳಕು. ಬಲೆಯ ಅಂಚು ಎತ್ತುವ ಎರಡು ಕೈ, ಹತ್ತಿರದಿಂದ. ಉಬ್ಬಿದ ಗಿಣ್ಣು, ಒಂದು ಬೆರಳಿಗೆ ಸುತ್ತಿದ ಪಟ್ಟಿ. ಇಕ್ಕಳ ಚೀಲದ ಬದಿಯಿಂದ ಏನನ್ನೋ ಮೆಲ್ಲಗೆ ಎಳೆದು, ತಿರುಗಿಸಿ ನೋಡಿ, ಜೇಬಿಗೆ ಇಳಿಸಿತು.

“ಕೊಡೆಯವನೇ ಕಳ್ಳ! ಇವರಲ್ಲ!” ಎಂದು ಕಾನ್‌ಸ್ಟೇಬಲ್ ತಡೆಯಲಾರದೆ ಕೂಗಿ, ಟೋಪಿ ತೆಗೆದು ಮುಖ ಮುಚ್ಚಿಕೊಂಡ.

“ಜೇಬಿಗೆ ಹಾಕಿಕೊಂಡದ್ದು ಏನು, ಯಜಮಾನಿಯವರೇ?” ಎಂದು ಕೇಳಿಯೇಬಿಟ್ಟರು ಉಸುಯಿಯಮ್ಮ.

ಅಜ್ಜಿಯ ಬದಲಿಗೆ ಇಸೊಬೆಯೇ ಹೇಳಿದಳು. “ಬಿದಿರು ಕಡ್ಡಿ. ಕೋಳಿ ಸುಟ್ಟು ತಿಂದ ಕಡ್ಡಿಗಳು. ಯಾರೋ ಹಾಗೇ ಚೀಲಕ್ಕೆ ಹಾಕ್ತಾರೆ. ಕಸ ಎತ್ತೋರ ಕೈಗೆ ಚುಚ್ಚುತ್ತೆ ಅಂತ ದಿನಾ ಹುಡುಕಿ ತೆಗೀತಾರೆ.”

ಮಿನೆಗಿಶಿಯವರು ಸಂಜೆ ಬಿಯರಿನ ಜೊತೆ ಏನು ತಿನ್ನುತ್ತಾರೆಂದು ನಮಗೆಲ್ಲ ಗೊತ್ತು. ಅವರಿಗೆ ಆ ಕ್ಷಣ ತಮ್ಮ ಕಾಲುಚೀಲದಲ್ಲಿ ಏನೋ ಬಹಳ ಕುತೂಹಲದ್ದು ಕಂಡಿತು.

“ಅದನ್ನ ಬರೀ ಅನುಮಾನಾಸ್ಪದ ಅಂತ ತೋರಿಸೋಕೆ ಹೇಳಿದ್ರು,” ಎಂದಳು ಇಸೊಬೆ. “ಎಂಟೇ ಸೆಕೆಂಡು. ತೊಂಬತ್ತಾರು ಚಿತ್ರ. ಯಾರೂ ಗಮನಿಸಲ್ಲ, ಬೇಗ ಮುಗಿಸು ಅಂದ್ರು. ಕೆಲಸ ಬಿಟ್ಟುಬಿಡೋಣ ಅಂತಿದ್ದೆ. ಅಷ್ಟರಲ್ಲಿ ಸುತ್ತೋಲೆ ಬಂತು. ಕಾಗದ ಕೈಗೆ ಸಿಕ್ಕರೆ ಮಗುಚಿ ನೋಡೋದು ನಮ್ಮ ಕೆಲಸದವರ ಚಟ. ಅಮ್ಮ, ಆ ಹಾಳೆಯ ಹಿಂಬದಿ ನೋಡಿದ್ರಾ?”

ಯಾರೂ ನೋಡಿರಲಿಲ್ಲ. ನಕಲು ತೆಗೆಸಿದ್ದೂ ಮುಂಬದಿಯದಷ್ಟೇ. ಅಜ್ಜಿ ಮೂಲ ಹಾಳೆ ಬಿಡಿಸಿ ತಿರುಗಿಸಿದರು. ನಮ್ಮ ಮನೆಯವರ ದಪ್ಪ ಅಕ್ಷರ:

‘ಮುದುಕಿಯ ಕೈಗಳ ದೃಶ್ಯ ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಇದನ್ನು ಬರೆದವರು ಈ ಕೈಗಳನ್ನು ಪ್ರೀತಿಸುತ್ತಾರೆ. ಕಳೆದ ಅಂಕ: ಸೊನ್ನೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.’

ಅಜ್ಜಿ ಬಹಳ ಹೊತ್ತು ಓದಿದರು. ಅಷ್ಟು ಹೊತ್ತು ಓದುವಷ್ಟು ಅಲ್ಲಿ ಇರಲಿಲ್ಲ. ಆಮೇಲೆ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು.

“ಸುಕ್ಕು ಜಾಸ್ತಿ ಬರೆದಿದ್ದೀಯ,” ಎಂದರು.

“ಕಡಿಮೆ ಮಾಡು ಅಂದ್ರು. ಮಾಡಲಿಲ್ಲ.”

“ಹೂಂ.” ಅಜ್ಜಿ ಎದೆಯೊಳಗಿಂದ ಲಕೋಟೆ ತೆಗೆದು ಇನ್ನೊಂದರ ಪಕ್ಕ ಮೇಜಿನ ಮೇಲಿಟ್ಟರು. ಆದರೆ ತೆರೆಯಲಿಲ್ಲ. ಕಣ್ಣು ಕಿರಿದಾದವು. “ಒಂದು ಮಾತು. ಕೊನೆಗೆ ಆ ಕಳ್ಳಿ ನಾನೇನಾ?”

ಇಸೊಬೆ ಚಾಪೆಗೆ ಹಣೆ ತಾಗಿಸಿದಳು. “ಅದು ಮಾತ್ರ ಹೇಳೋ ಹಾಗಿಲ್ಲ, ಅಮ್ಮ.”

“ಇಲ್ಲ ಅಂತಲೂ ಹೇಳ್ತಿಲ್ಲ.”

“ಹೌದು ಅಂತಲೂ ಹೇಳ್ತಿಲ್ಲ.”

“ಆ ಐದನೇ ಬಾಗಿಲು ಯಾಕೆ ಯಾವಾಗಲೂ ಮುಚ್ಚಿರುತ್ತೆ?”

“ನಾನು ಮನೇಲಿದ್ರೆ ತಾನೇ ತೆರೆಯೋದು?”

ಅಜ್ಜಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು: ಇಸೊಬೆಯನ್ನು, ನಮ್ಮ ಮನೆಯವರನ್ನು, ನನ್ನನ್ನು, ಏನೂ ಮಾಡದ ಇಬುಕಿಯನ್ನೂ. ಆಮೇಲೆ ಡಬ್ಬಿ ತೆರೆದು ಮೊಹರಿಗೆ ಕೆಂಪು ಹಚ್ಚಿದರು.

“ಇನ್ನು ಐದು ವಾರ ಇದೆಯಂತೆ. ನಾನೇ ಕಳ್ಳಿ ಅಂತ ಆದ ದಿನ, ಇದನ್ನ ಬರೆದವಳೂ, ನನ್ನ ಅಂಕ ಕಳೆದವರೂ ಮನೆ ಖಾಲಿ ಮಾಡಿ ಓಡಿಹೋಗಿರಬಾರದು. ಇಬ್ಬರೂ ಇಲ್ಲೇ, ನನ್ನ ಕೈಗೆ ಸಿಗೋ ಹಾಗೇ ಇರಬೇಕು. ಎರಡು ವರ್ಷ.”

ಮೈಭಾರವನ್ನೆಲ್ಲ ಹಾಕಿ ಎರಡು ಕಾಗದಕ್ಕೂ ಒತ್ತಿದರು. ನನ್ನ ಕಣ್ಣಿಗೆ ಆ ಎರಡು ಕೆಂಪು ವೃತ್ತಗಳು ಸ್ವಲ್ಪ ಮಂಜಾದವು.

ನಮ್ಮ ಮನೆಯವರು ಮುಂದೆ ಬಾಗಿ, ಕಾಗದವನ್ನು ಹತ್ತಿರದಿಂದ ನೋಡಿ, ಹುಬ್ಬು ಗಂಟಿಕ್ಕಿದರು. “ಯಜಮಾನಿಯವರೇ, ಎರಡನೆಯದು ಸ್ವಲ್ಪ ಎಡಕ್ಕೆ...”

ಇಬುಕಿ ಮೇಜಿನ ಕೆಳಗೆ ಅವರ ಕಾಲನ್ನು ಬಲವಾಗಿ ತುಳಿದಳು.

“...ಬಹಳ ಚೆನ್ನಾಗಿದೆ,” ಎಂದರು ಅವರು. “ಒಟ್ಟಾರೆ.”